ಅರ್ಧ ಅಕ್ಷರ

ಮೊದಲು ಕೇಳಿಸಿದ್ದು ಏನೂ ಇಲ್ಲ.

ಇದನ್ನೇ ಹೇಳಬೇಕು ವಿನ್ಸೆಂಟನಿಗೆ.
ಕುಕ್ ಟೌನಿನ ಮಹಡಿಕೋಣೆಯಲ್ಲಿ
ಪರದೆ ಎಳೆದು, ಫ್ಯಾನು ಆರಿಸಿ,
ನನ್ನ ನರೆಗೂದಲ ಮೇಲೆ ಹೆಡ್‌ಫೋನನ್ನು
ಕಿರೀಟದ ಹಾಗೆ ಇಟ್ಟು
ಎದುರಿಗೆ ಸ್ಟೂಲಿನ ತುದಿಯಲ್ಲಿ ಕೂತಿದ್ದಾನೆ,
ರಿಸಲ್ಟಿಗೆ ಕಾದ ಹುಡುಗನಂತೆ. ಐವತ್ತೆರಡು ವಯಸ್ಸು.

ಪೆಟ್ಟಿಗೆ ಬಿಸ್ಕತ್ತಿನ ಡಬ್ಬಿಯಷ್ಟು.
ಒಂದೇ ಒಂದು ಹಸಿರು ದೀಪ.
ಬೆಲೆ ಕೇಳಿದೆ. ಹೇಳಿದ.
ಆ ದುಡ್ಡಿಗೆ ಮಾನಾಮದುರೈಯಿಂದ
ಒಂದು ಲಾರಿ ಘಟ ತರಿಸಬಹುದು,
ದಾರಿಯಲ್ಲಿ ಅರ್ಧ ಒಡೆದರೂ ನಷ್ಟವಿಲ್ಲ.
‘ಅಂಕಿಗಳನ್ನ ಸದ್ದು ಮಾಡತ್ತೆ ಆಂಟಿ, ಅಷ್ಟೇ ಇದರ ಕೆಲಸ.’
ನಾನು ಮಾಡಿಕೊಂಡು ಬಂದದ್ದೂ ಅದೇ ಅಲ್ಲವೆ,
ಐದು ಏಳು ಒಂಬತ್ತುಗಳನ್ನು
ಮಣ್ಣಿನ ಹೊಟ್ಟೆಗೆ ಬಡಿದು ಬಡಿದು.

ಆದರೆ ಆ ಏನೂ ಇಲ್ಲ!
ನನ್ನ ಹಳೇ ಕ್ಯಾಸೆಟ್ಟಿನಲ್ಲಿ ಮೌನವೆಂದರೆ
ಕಾದ ಕಾವಲಿಗೆ ನೀರು ಚಿಮುಕಿಸಿದ ಸದ್ದು.
ಇದು ಬೇರೆ. ತೊಳೆದು ಬೋರಲು ಹಾಕಿದ ಹಂಡೆಯೊಳಗೆ
ತಲೆ ತೂರಿಸಿದಂತೆ.

ಆಮೇಲೆ ಆ ಕತ್ತಲಿಗೆ
ಒಬ್ಬೊಬ್ಬರೇ ಬಂದು ಕೂತರು.
ನಡುವೆ ಪದ್ಮಾಸನಿಯ ವೀಣೆ.
ಮೆಟ್ಟಿನ ಮೇಲೆ ಬೆರಳು ಜಾರಿದರೆ
ಎಣ್ಣೆ ಹಚ್ಚಿ ಎಷ್ಟು ಹೊತ್ತಾಯಿತೆಂದು ಹೇಳಬಹುದು.
ಎಡಕ್ಕೆ ಅಪ್ರಮೇಯರ ಮೃದಂಗ.
ಹಿಂದೆ, ಎರಡಡಿ ಒಳಗೆ, ನಾನು.
ನನ್ನನ್ನು ಸಭೆಯ ಕಡೆಯಿಂದ ಕಂಡದ್ದು ಇದೇ ಮೊದಲು.
ಮಲ್ಲೇಶ್ವರದ ಶಾಲೆಯ ಹಾಲು; ಮೂರನೇ ಸಾಲಲ್ಲಿ
ಯಾರೋ ಹುರಿಗಡಲೆ ಪೊಟ್ಟಣ ಬಿಚ್ಚಿದರು.
ಕಿಟಕಿಯಾಚೆ ಬಸ್ಸೊಂದು ಗೇರು ಬದಲಿಸಿ
ಬಲಕಿವಿಯಿಂದ ಬೆನ್ನ ಹಿಂದಕ್ಕೆ ತಿರುಗಿಹೋಯಿತು.
ಹತ್ತೊಂಬತ್ತು ವರ್ಷದ ಹಿಂದೆ ವಿನ್ಸೆಂಟನೇ
ಎರಡು ಮೈಕು ನೆಟ್ಟು ಹಿಡಿದದ್ದು.

ತನಿ ಶುರುವಾಯಿತು.
ಕೋರ್ವೆ ಹತ್ತಿರ ಬಂದಂತೆ
ಹೊಟ್ಟೆಯೊಳಗೆ ಹಳೆಯ ಕಳ್ಳತನ ಮಿಸುಕಿತು.
ಮೂರನೇ ಸುತ್ತಿನಲ್ಲಿ ಅವತ್ತು ನಾನು
ಅರ್ಧ ಅಕ್ಷರ ಮೊದಲೇ ಬಿದ್ದಿದ್ದೆ.
ಯಾರಿಗೂ ಗೊತ್ತಾಗಲಿಲ್ಲ.
ಕ್ಯಾಸೆಟ್ಟಿನಲ್ಲೂ ಇಲ್ಲ, ನೂರು ಸಲ ಹಾಕಿ ನೋಡಿದ್ದೇನೆ,
ಆ ಜಾಗದಲ್ಲಿ ಒಂದು ಮಬ್ಬು, ಆಮೇಲೆ ಚಪ್ಪಾಳೆ.
ಆ ಮಬ್ಬನ್ನೇ ಶಾಲಿನಂತೆ ಹೊದ್ದು
ಇಷ್ಟು ವರ್ಷ ಸನ್ಮಾನ ಮಾಡಿಸಿಕೊಂಡಿದ್ದೇನೆ.

ಬಂತು.
ಬಿದ್ದೆ. ನಿಚ್ಚಳವಾಗಿ, ಬೆರಳಿನ ಉಂಗುರದ ಸಮೇತ.
ಮತ್ತೆ ಅದರ ಹಿಂದೆಯೇ, ಅರ್ಧ ಅಕ್ಷರದ ಆ ಸಂದಿಯಲ್ಲಿ,
ಒಂದು ಗುಂ.
ಎಡಗಡೆಯ ತೊಪ್ಪಿ. ರವೆ ಮೆತ್ತಿದ ಒದ್ದೆ ಚರ್ಮದ ಮೇಲೆ
ಅಂಗೈ ಬುಡ ಒತ್ತಿ ಬಿಟ್ಟದ್ದು,
ಬಡಿದದ್ದು ಅನ್ನಲಾಗದು.
ಬಸ್ಸಿಳಿಯುವಾಗ ಮೆಟ್ಟಿಲು ತಪ್ಪಿದವಳ ಮೊಣಕೈಗೆ
ಯಾರೋ ಕೈಕೊಟ್ಟು,
ಮುಖ ಕೂಡ ನೋಡದೆ ಮುಂದೆ ಹೋದಂತೆ.

ಅಪ್ರಮೇಯರಿಗೆ ಗೊತ್ತಿತ್ತು.

ಅವತ್ತು ರಾತ್ರಿ ಸ್ಕೂಟರಿನಲ್ಲಿ
ನನ್ನನ್ನೂ ಘಟವನ್ನೂ ಯಶವಂತಪುರಕ್ಕೆ ಬಿಟ್ಟರು.
ದಾರಿಯುದ್ದಕ್ಕೂ ಟ್ಯಾಂಕರ್ ನೀರಿನವನ ಮೋಸದ ಮಾತು.
ಮುಂದೆ ನಾನೇ ನಾಲ್ಕು ಜನರ ಎದುರು ಅಂದೆ:
ಕೈ ಏನೋ ಚೆನ್ನಾಗಿದೆ ಅವರದು,
ಪಕ್ಕದವರನ್ನು ಕೇಳಿಸಿಕೊಳ್ಳುವುದಿಲ್ಲ.
ಮಾತು ಅವರನ್ನು ಮುಟ್ಟಿತಂತೆ.
ಆಮೇಲೆ ನಾವು ಒಂದೇ ವೇದಿಕೆ ಹತ್ತಲಿಲ್ಲ.
ಈಗ ಹನುಮಂತನಗರದಲ್ಲಿ ಮಗಳ ಮನೆ,
ಬಲಕಿವಿ ಪೂರ್ತಿ ಹೋಗಿದೆಯಂತೆ,
ಎಡದ್ದು ಅಷ್ಟಿಷ್ಟು.

‘ಹೇಗಿದೆ ಆಂಟಿ? ಹೇಳಿ.’
ಹೆಡ್‌ಫೋನು ತೆಗೆದೆ. ಕಿವಿ ಬೆವೆತಿತ್ತು.
ಕೆಳಗೆ ಬೀದಿಯಲ್ಲಿ ಯಾರೋ ಗೇಟು ಎಳೆದರು,
ಅದೂ ಎಷ್ಟು ದೂರ, ಯಾವ ಕಡೆ ಅಂತ ತಿಳಿಯುತ್ತಿತ್ತು.
ತೊಪ್ಪಿ ಚೆನ್ನಾಗಿ ಕೇಳತ್ತೆ, ಅಂದೆ.
‘ಬಾಸ್ ಅಲ್ವಾ! ಇದಿನ್ನೂ ಹೊಸದು,
ಇನ್ನೂರು ಗಂಟೆ ಓಡಲಿ, ಪೂರ್ತಿ ಬಿಚ್ಕೊಳ್ಳತ್ತೆ.’
ಬೇಡವೋ ಮಾರಾಯ.
ಇಲ್ಲಿಂದ ಹನುಮಂತನಗರಕ್ಕೆ
ಎಷ್ಟು ಬಸ್ಸು ಬದಲಿಸಬೇಕು ಅಂತ ಕೇಳಿದೆ.

ಅವನಿಗೆ ಕೇಳಿಸಲಿಲ್ಲ.
ಹೆಡ್‌ಫೋನು ಆಗಲೇ ಅವನ ತಲೆ ಮೇಲಿತ್ತು,
ಕಣ್ಣು ಮುಚ್ಚಿತ್ತು.